ಸರಳು ಯಾರ ಕೈಯಲ್ಲಿತ್ತು

ಹೋದ ತಿಂಗಳು ಡ್ಯಾಲಸ್ ಪಕ್ಕದ ಫ್ರಿಸ್ಕೋದಲ್ಲಿ ಪರಿಚಯದವರ ಮನೆಯ ಪೂಜೆಗೆ ಹೋಗಿದ್ದೆ. ಊಟದ ತಟ್ಟೆ ಹಿಡಿದುಕೊಂಡು ಒಬ್ಬ ಹುಡುಗಿ ಬಂದು ನನ್ನ ಪಕ್ಕ ಕೂತಳು. ಹೆಸರು ಅನಘಾ, ಮೈಸೂರಿನವಳು, ಮದುವೆಯಾಗಿ ಟೆಕ್ಸಸ್‌ಗೆ ಬಂದು ಇನ್ನೂ ಹೆಚ್ಚು ದಿನವಾಗಿಲ್ಲ.

"ಆಂಟಿ, ನಾನೂ ನಿಮ್ ಥರ ಇಂಟರ್‌ಪ್ರಿಟರ್ ಆಗೋಣ ಅಂತಿದೀನಿ. ಕನ್ನಡ ಬರತ್ತೆ, ಇಂಗ್ಲಿಷ್ ಬರತ್ತೆ. ಇನ್ನೇನ್ ಬೇಕು ಹೇಳಿ?" ಎಂದಳು.

"ಹೆದರಿಕೆ ತಡ್ಕೊಳೋ ಶಕ್ತಿ ಬೇಕಮ್ಮ" ಎಂದೆ.

ಅವಳು ನಕ್ಕಳು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು. ಅಷ್ಟರಲ್ಲಿ ಯಾರೋ ಪಾಯಸ ಬಡಿಸಲು ಬಂದರು, ಮಾತು ಬೇರೆ ಕಡೆ ಹೋಯಿತು. ಆವತ್ತು ಅವಳಿಗೆ ಹೇಳಲಾಗದೇ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಡ್ಯಾಲಸ್, ಹ್ಯೂಸ್ಟನ್, ಆಸ್ಟಿನ್‌ಗಳ ಆಸ್ಪತ್ರೆ, ಕೋರ್ಟುಗಳಲ್ಲಿ ಕನ್ನಡದ ದುಭಾಷಿಯಾಗಿದ್ದೆ. ಇಲ್ಲಿ ಕನ್ನಡದವರಿಗೆ ಇಂಗ್ಲಿಷ್ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೆಲಸಕ್ಕೆ ಬಂದ ಮಕ್ಕಳಿಗೆ ಬರುತ್ತದೆ. ಬಾಣಂತನಕ್ಕೆಂದು, ಮೊಮ್ಮಕ್ಕಳನ್ನು ನೋಡಲೆಂದು ಬರುವ ಅವರ ತಂದೆತಾಯಿಗಳಲ್ಲಿ ಎಷ್ಟೋ ಜನರಿಗೆ ಬರುವುದಿಲ್ಲ. ಬಂದರೂ, ಎದೆನೋವಿನಲ್ಲಿ ಮಲಗಿದಾಗ, ಪೊಲೀಸರು ಬಾಗಿಲಿಗೆ ಬಂದಾಗ ಮರೆತುಹೋಗುತ್ತದೆ. ಅಂಥ ಹೊತ್ತಿನಲ್ಲೇ ನಮ್ಮನ್ನು ಕರೆಯುತ್ತಾರೆ. ಆದ್ದರಿಂದ ನಾನು ನನ್ನ ಕೆಲಸದಲ್ಲಿ ಕಂಡದ್ದು ಬಹುಪಾಲು ಹೆದರಿದ ಮುಖಗಳನ್ನೇ.

ನನ್ನ ಹೆದರಿಕೆ ಮಾತ್ರ ಬೇರೆ ಥರದ್ದು. ಅದು ವಾಕ್ಯದಲ್ಲಿತ್ತು.

ಕನ್ನಡದಲ್ಲಿ ನಾವು ಒಂದು ವಸ್ತುವಿನ ಬಗ್ಗೆ ಹೇಳಬೇಕಾದ್ದನ್ನೆಲ್ಲ ಮೊದಲು ಹೇಳಿ, ಹೆಸರನ್ನು ಕೊನೆಗೆ ಹೇಳುತ್ತೇವೆ. "ಹೋದ ವಾರ ಮಗ ತಂದುಕೊಟ್ಟ, ನನಗೆ ಆಗಿಬರದ, ಆ ಕೆಂಪು ಮಾತ್ರೆ." ಇಂಗ್ಲಿಷ್‌ನಲ್ಲಿ ಮಾತ್ರೆ ಮೊದಲು ಬರಬೇಕು; ಕೆಂಪು ಎಂಬಂಥ ಒಂಟಿ ಮಾತು ಬೇಕಾದರೆ ಮುಂದೆ ನಿಲ್ಲಬಹುದು, ಮಗ ತಂದದ್ದು, ಆಗಿಬರದ್ದು ಎಲ್ಲ ಅದರ ಹಿಂದೆ ಸಾಲಾಗಿ ಬರಬೇಕು. ಎಂದರೆ, ಮುದುಕಿಯೊಬ್ಬರು ಮಾತಾಡುತ್ತಾ ಇರುವಾಗ ನಾನು ಬಾಯಿ ಮುಚ್ಚಿಕೊಂಡು, ಅವರು ಹೇಳಿದ್ದನ್ನೆಲ್ಲ ತಲೆಯಲ್ಲಿ ಹೊತ್ತುಕೊಂಡು, ಆ ಕೊನೆಯ ಹೆಸರಿಗಾಗಿ ಕಾಯಬೇಕು. ಡಾಕ್ಟರು ನನ್ನ ಮುಖವನ್ನೇ ನೋಡುತ್ತಿರುತ್ತಾರೆ. ಹೆಸರು ಬಂದ ತಕ್ಷಣ ಎಲ್ಲವನ್ನೂ ಹಿಂದುಮುಂದು ಮಾಡಿ ಜೋಡಿಸಬೇಕು. ಜೋಡಿಸುವಾಗ ಒಂದು ತುಂಡು ಪಕ್ಕದ ಇನ್ನೊಂದು ಹೆಸರಿಗೆ ಅಂಟಿಕೊಂಡರೆ ಯಾರಿಗೂ ತಿಳಿಯುವುದಿಲ್ಲ. ವಾಕ್ಯ ವ್ಯಾಕರಣದ ಪ್ರಕಾರ ಸರಿಯಾಗಿಯೇ ಇರುತ್ತದೆ.

ಇದನ್ನು ನನಗೆ ಮೊದಲು ಕಾಣಿಸಿಕೊಟ್ಟವಳು ಡೋರೀನ್. ಡ್ಯಾಲಸ್‌ನಲ್ಲಿ ನಮ್ಮನ್ನೆಲ್ಲ ಕೆಲಸಕ್ಕೆ ಕಳಿಸುತ್ತಿದ್ದ ಆಫೀಸಿನ ಮೇಲ್ವಿಚಾರಕಿ. ಅವಳಿಗೆ ಕನ್ನಡ ಗೊತ್ತಿರಲಿಲ್ಲ, ಸ್ಪ್ಯಾನಿಷ್ ಗೊತ್ತಿತ್ತು. ಎತ್ತರದ ಹೆಂಗಸು, ದೊಡ್ಡ ದನಿ, ನಗುವುದು ಅಪರೂಪ. ಸಂದರ್ಶನಕ್ಕೆ ಹೋದ ದಿನ ಅವಳು ನನಗೆ ಒಂದೇ ಒಂದು ವಾಕ್ಯ ಕೊಟ್ಟಳು. "ದಿ ನರ್ಸ್ ಸ್ಪೋಕ್ ಟು ದಿ ಪೇಷೆಂಟ್ ಇನ್ ದಿ ಗ್ರೀನ್ ಗೌನ್."

ಇದೇನು ಮಹಾ ಎಂದುಕೊಂಡು ನಾನು ಥಟ್ಟನೆ ಕನ್ನಡದಲ್ಲಿ ಹೇಳಿದೆ: "ಹಸಿರು ಗೌನ್ ಹಾಕಿಕೊಂಡಿದ್ದ ರೋಗಿಯ ಹತ್ತಿರ ನರ್ಸ್ ಮಾತಾಡಿದಳು."

ಡೋರೀನ್ ಕೇಳಿದಳು, "ಈಗ ನಿನ್ನ ಭಾಷೆಯಲ್ಲಿ ಗೌನ್ ಯಾರ ಮೈಮೇಲಿದೆ?"

"ರೋಗಿಯ ಮೈಮೇಲೆ."

"ನಾನು ನರ್ಸಿನ ಮೈಮೇಲೆ ಅಂದುಕೊಂಡು ಹೇಳಿದ್ದೆ."

ಅವಳು ಕೆಲಸವನ್ನೇನೋ ಕೊಟ್ಟಳು. ಆದರೆ ಆಮೇಲೆ ಎಷ್ಟೋ ವರ್ಷ, ಫೋನಿನಲ್ಲಿ ಕೆಲಸದ ವಿಳಾಸ ಹೇಳಿ ಮುಗಿಸುವಾಗ ಅವಳು ಒಂದು ಮಾತು ಸೇರಿಸುತ್ತಿದ್ದಳು: "ಗೊತ್ತಾಗದಿದ್ದರೆ ನಿಲ್ಲಿಸು. ನಿಲ್ಲಿಸುವುದಕ್ಕೆ ನಾಚಿಕೆಪಡಬೇಡ." ಹೇಳುವುದು ಸುಲಭ. ಬಿಳಿ ಕೋಟಿನ ನಾಲ್ಕು ಜನ ಅವಸರದಲ್ಲಿ ನಿಂತಿರುವ ಕೋಣೆಯಲ್ಲಿ ನಿಲ್ಲಿಸಿ ನೋಡಿ, ಆಗ ತಿಳಿಯುತ್ತದೆ.

ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಿಂದ ಬಂದ ಒಂದು ಕುಟುಂಬವನ್ನು ನಾನು ಮರೆಯಲಾರೆ. ಹೆಸರು ಬದಲಿಸಿ ಹೇಳುತ್ತೇನೆ. ಆಗ ನಾನು ಇನ್ನೊಂದು ಕೆಲಸಕ್ಕಾಗಿ ಹ್ಯೂಸ್ಟನ್‌ನಲ್ಲೇ ಇದ್ದೆ. ಸಂಜೆ ವಾಪಸು ಹೊರಡುವ ಹೊತ್ತಿಗೆ ಕರೆ ಬಂತು. ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಕನ್ನಡದ ಅಜ್ಜಿಯೊಬ್ಬರಿದ್ದಾರೆ, ಮನೆಗೆ ಕಳಿಸುವ ಮುಂಚೆ ಸೂಚನೆಗಳನ್ನು ಹೇಳಬೇಕಂತೆ, ಸಣ್ಣ ಕೆಲಸ ಎಂದರು.

ಅಜ್ಜಿಯ ಹೆಸರು ಶಾಂತವ್ವ ಎಂದಿಟ್ಟುಕೊಳ್ಳಿ. ಧಾರವಾಡದವರು. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು, ನನ್ನನ್ನು ಕಂಡು ಕೈಮುಗಿದರು. ಪಕ್ಕದಲ್ಲಿ ಹೈಸ್ಕೂಲಿಗೆ ಹೋಗುವ ಮೊಮ್ಮಗಳು ಮೇಘನಾ. ಮಗ, ಸೊಸೆ ಇಬ್ಬರೂ ಆಫೀಸಿನಿಂದ ಬರುವ ದಾರಿಯಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರು. ಅಜ್ಜಿಯನ್ನು ಪಕ್ಕದ ಮನೆಯವರ ಕಾರಿನಲ್ಲಿ ಕರೆತಂದದ್ದು, ಡಾಕ್ಟರಿಗೆ ವಿಷಯ ಹೇಳಿದ್ದು ಎಲ್ಲ ಈ ಹುಡುಗಿಯೇ.

ಆಗಿದ್ದು ಇಷ್ಟು. ಅಜ್ಜನಿಗೆ ಹೃದಯದ ತೊಂದರೆ. ಅವರ ಮಾತ್ರೆಗಳ ಡಬ್ಬಿಯಲ್ಲಿ ಬೆಳಗಿನ ಮನೆ, ರಾತ್ರಿಯ ಮನೆ ಎಂದು ಬೇರೆ ಬೇರೆ ಖಾನೆಗಳಿವೆ. ಅಜ್ಜಿ ತನ್ನದೆಂದುಕೊಂಡು ಅಜ್ಜನ ಡಬ್ಬಿ ತೆಗೆದು, ಒಂದು ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ನುಂಗಿದ್ದರು. ಅಜ್ಜಿ ಹೇಳಿದ್ದನ್ನು ಹುಡುಗಿ ಡಾಕ್ಟರಿಗೆ ಇಂಗ್ಲಿಷ್‌ನಲ್ಲಿ ಹೇಳಿದ್ದಳು: "ಶಿ ಟುಕ್ ಗ್ರ್ಯಾಂಡ್‌ಪಾಸ್ ಪಿಲ್ಸ್ ಇನ್ ದಿ ಮಾರ್ನಿಂಗ್."

ಬೆಳಿಗ್ಗೆ ನುಂಗಿದ್ದು, ಈಗ ಸಂಜೆ. ನಾಡಿ ಚೆನ್ನಾಗಿದೆ, ಬಿಪಿ ಚೆನ್ನಾಗಿದೆ. ಆಗುವ ಕೆಡುಕೆಲ್ಲ ಇಷ್ಟು ಹೊತ್ತಿಗೆ ಆಗಿರಬೇಕಿತ್ತು. ಆದ್ದರಿಂದ ಮನೆಗೆ ಕಳಿಸಲು ತಯಾರಿ ನಡೆದಿತ್ತು. ಡಾಕ್ಟರು ಕೊನೆಯದಾಗಿ ಒಂದು ಪ್ರಶ್ನೆ ಕೇಳಿದರು, ಮಾತ್ರೆ ನುಂಗಿದ ಮೇಲೆ ಏನಾದರೂ ತಿಂದರಾ ಅಂತ. ನಾನು ಕನ್ನಡದಲ್ಲಿ ಕೇಳಿದೆ.

ಶಾಂತವ್ವ ಹೇಳಿದರು, "ಏನೂ ತಿಂದಿಲ್ರೀ. ಚಾ ಕುಡ್ದೆ, ಇವ್ರ ಮುಂಜಾನಿ ಗುಳಿಗಿ ತೊಗೊಂಡೆ, ಅಷ್ಟ."

ಇವರ ಮುಂಜಾನೆ ಗುಳಿಗೆ. ಈ ಮುಂಜಾನೆ ಎನ್ನುವುದು ಅವರು ನುಂಗಿದ ಹೊತ್ತೋ, ಗುಳಿಗೆಯ ಹೆಸರೋ? ನನ್ನ ಬೆನ್ನು ತಣ್ಣಗಾಯಿತು. ಡಾಕ್ಟರಿಗೆ "ಇಂಟರ್‌ಪ್ರಿಟರ್‌ಗೆ ಒಂದು ಸ್ಪಷ್ಟನೆ ಬೇಕು" ಎಂದು ಹೇಳಿ, ಒಪ್ಪಿಗೆ ಪಡೆದು ಕೇಳಿದೆ. "ಅಜ್ಜಿ, ಗುಳಿಗೆ ತೊಗೊಂಡಿದ್ದು ಯಾವಾಗ?"

"ಸಂಜೀ ಚಾ ಆದಮ್ಯಾಲ್ರೀ. ಈಗ, ಇಲ್ಲಿಗೆ ಬರೂಕಿಂತ ಸ್ವಲ್ಪ ಮದ್ಲ."

ನಾನು ಆ ವಾಕ್ಯವನ್ನು ಇಂಗ್ಲಿಷ್‌ನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಡಾಕ್ಟರು ಮಂಚದ ಹತ್ತಿರ ಬಂದಾಗಿತ್ತು. ಅಜ್ಜನ ಬೆಳಗಿನ ಮನೆಯಲ್ಲಿದ್ದದ್ದು ಹೃದಯದ ಬಡಿತ ತಗ್ಗಿಸುವ, ನಿಧಾನವಾಗಿ ಕೆಲಸ ಮಾಡುವ ಮಾತ್ರೆಗಳು. ಅವು ಇನ್ನೂ ಕೆಲಸ ಶುರುಮಾಡಿರಲಿಲ್ಲ, ಅಷ್ಟೇ. ಮನೆಗೆ ಹೋಗಿ ಮಲಗಿದ್ದರೆ ಏನಾಗುತ್ತಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನರ್ಸುಗಳು ವೈರುಗಳನ್ನು ಮತ್ತೆ ಅಂಟಿಸಿದರು. ಶಾಂತವ್ವ ನನ್ನ ಕಡೆ ನೋಡಿ, "ಯಾಕ್ರೀ, ಮನಿಗೆ ಹೋಗೂದಲ್ಲೇನು?" ಎಂದರು. ಸ್ವಲ್ಪ ಹೊತ್ತಿನಲ್ಲಿ ಪರದೆಯ ಮೇಲಿನ ನಾಡಿಯ ಸಂಖ್ಯೆ ಇಳಿಯತೊಡಗಿತು. ಅವರ ಮಾತು ತೊದಲಿತು. ನನ್ನನ್ನು ಕೋಣೆಯಿಂದ ಆಚೆ ಕಳಿಸಿದರು.

ಮೇಘನಾ ಹೊರಗೆ ಗೋಡೆಗೆ ಅಂಟಿಕೊಂಡು ನಿಂತಿದ್ದಳು. "ಆಂಟಿ, ಐ ಸೆಡ್ ಇಟ್ ರೈಟ್. ಐ ಸೆಡ್ ಎಕ್ಸಾಕ್ಟ್ಲಿ ವಾಟ್ ಅಜ್ಜಿ ಸೆಡ್" ಎನ್ನುತ್ತಲೇ ಇದ್ದಳು. ಅವಳು ಹೇಳಿದ್ದು ನಿಜ. ಅಜ್ಜಿ ಮುಂಜಾನೆ ಎಂದರು, ಇವಳೂ ಮಾರ್ನಿಂಗ್ ಎಂದಳು. ಕನ್ನಡದಲ್ಲಿ ಗುಳಿಗೆಯ ಮುಂದೆ ಕೂತಿದ್ದ ಮಾತು ಇಂಗ್ಲಿಷ್‌ನಲ್ಲಿ ವಾಕ್ಯದ ಬಾಲಕ್ಕೆ ಹೋಯಿತು. ಬಾಲಕ್ಕೆ ಹೋದದ್ದೇ, ಗುಳಿಗೆಯನ್ನು ಬಿಟ್ಟು ನುಂಗಿದ ಹೊತ್ತಿಗೆ ಅಂಟಿಕೊಂಡಿತು. ಇದನ್ನೆಲ್ಲ ಅಳುತ್ತಿರುವ ಮಗುವಿಗೆ ಹೇಗೆ ಹೇಳುವುದು? ನಾನು ಅವಳ ಕೈ ಹಿಡಿದುಕೊಂಡು, ಅವಳ ಅಪ್ಪ ಅಮ್ಮ ಬರುವ ತನಕ ನಿಂತಿದ್ದೆ. ಶಾಂತವ್ವ ಐಸಿಯುನಲ್ಲಿ ಕೆಲವು ದಿನ ಇದ್ದು ಉಳಿದುಕೊಂಡರು. ಆದರೆ ಆ ಹುಡುಗಿ ಆಮೇಲೆ ಅಜ್ಜಿಯ ಮಾತನ್ನು ಯಾರಿಗೂ ಇಂಗ್ಲಿಷ್‌ನಲ್ಲಿ ಹೇಳಲು ಒಪ್ಪುತ್ತಿರಲಿಲ್ಲವಂತೆ. ಅವಳ ತಾಯಿಯೇ ಒಮ್ಮೆ ಸಿಕ್ಕಾಗ ಹೇಳಿದರು.

ಆಮೇಲಿನ ವರ್ಷಗಳಲ್ಲಿ ಕೆಲಸದ ರೀತಿ ಬದಲಾಯಿತು. ಆಸ್ಟಿನ್‌ಗೆ ಹೋಗಿ ತರಬೇತಿ ಮುಗಿಸಿ, ಪರೀಕ್ಷೆ ಬರೆದು ಕೋರ್ಟಿನ ಕೆಲಸಕ್ಕೂ ಅರ್ಹಳಾದೆ. ಮೊದಲು ಎಲ್ಲಿಗಾದರೂ ಡ್ರೈವ್ ಮಾಡಿಕೊಂಡೇ ಹೋಗಬೇಕಿತ್ತು. ನಂತರ ಫೋನಿನಲ್ಲಿ ಕರೆದರು, ಆಮೇಲೆ ವಿಡಿಯೋ ಬಂತು. ಗಂಟೆಗಟ್ಟಲೆ ಹೈವೇಯಲ್ಲಿ ಕಳೆಯುವುದು ತಪ್ಪಿತೆಂದು ನಮ್ಮ ಮನೆಯವರು ಖುಷಿಪಟ್ಟರು. ನನಗೆ ಭಯ ಹೆಚ್ಚಿತು. "ಈ ನೋವು", "ಆ ಮನುಷ್ಯ" ಎಂದು ಜನ ಕೈತೋರಿಸಿ ಹೇಳುತ್ತಾರೆ. ಫೋನಿನಲ್ಲಿ ಕೈ ಕಾಣುವುದಿಲ್ಲ, ವಿಡಿಯೋದಲ್ಲಿ ಹಣೆ ಮಾತ್ರ ಕಾಣುತ್ತದೆ. ಕೊನೆಗೆ ಮನುಷ್ಯರೇ ಬೇಡವಾಗಿ, ಜೇಬಿನಲ್ಲಿರುವ ಫೋನೇ ಕನ್ನಡವನ್ನು ಇಂಗ್ಲಿಷ್ ಮಾಡತೊಡಗಿತು. ಅದು ಕೆಟ್ಟದಾಗಿ ಮಾಡುತ್ತದೆ ಎಂದು ನಾನು ಹೇಳುವುದಿಲ್ಲ. ಚೆನ್ನಾಗಿಯೇ ಮಾಡುತ್ತದೆ. ಆದರೆ ಅದಕ್ಕೆ ಬೆನ್ನು ತಣ್ಣಗಾಗುವುದಿಲ್ಲ.

ಇನ್ನು ಹೇಳುವುದು ನನ್ನ ಕೊನೆಯ ಕೋರ್ಟ್ ಕೆಲಸ. ಊರಿನ ಹೆಸರು ಹೇಳುವುದಿಲ್ಲ. ಡ್ಯಾಲಸ್‌ನ ಉತ್ತರಕ್ಕೆ ಹೊಲಗಳನ್ನೆಲ್ಲ ಅಗೆದು ಕಟ್ಟುತ್ತಿರುವ ಹೊಸ ಬಡಾವಣೆಗಳಲ್ಲಿ ಒಂದು ಎಂದಿಟ್ಟುಕೊಳ್ಳಿ. ಅರ್ಧ ಮನೆಗಳಲ್ಲಿ ಜನ ಬಂದಿದ್ದಾರೆ, ಇನ್ನರ್ಧ ಮನೆಗಳು ಬರೀ ಮರದ ಚೌಕಟ್ಟು. ಅಲ್ಲಿ ರಮ್ಯಾ, ಪ್ರಸನ್ನ ಎಂಬ ದಂಪತಿ. ಇಬ್ಬರೂ ಸಾಫ್ಟ್‌ವೇರ್‌ನವರು, ಕೆಲಸದ ವೀಸಾದ ಮೇಲೆ ಇದ್ದವರು. ರಮ್ಯಾಳ ಬಾಣಂತನಕ್ಕೆ ಅವಳ ತಾಯಿ ಲೀಲಾವತಿ ಮೈಸೂರಿನಿಂದ ಬಂದಿದ್ದರು.

ಒಂದು ಬೆಳಿಗ್ಗೆ ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಪಕ್ಕದ ಸೈಟಿನ ಕೆಲಸಕ್ಕೆ ಬಂದ ಒಂದು ಟ್ರಕ್ ಇವರ ಗ್ಯಾರೇಜಿಗೆ ಅಡ್ಡ ನಿಂತಿತ್ತು. ಪ್ರಸನ್ನ ಹೋಗಿ ತೆಗೆಯಲು ಹೇಳಿದ. ಟ್ರಕ್ಕಿನವನು ತೆಗೆಯಲಿಲ್ಲ. ಮಾತಿಗೆ ಮಾತು ಬೆಳೆಯಿತು. ಕೂಗಾಟ ಕೇಳಿ ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು ಬಂದು ನೋಡಿದಾಗ ಟ್ರಕ್ಕಿನವನು ಮುರಿದ ಮೊಣಕೈ ಹಿಡಿದುಕೊಂಡು ನೆಲದ ಮೇಲಿದ್ದ; ಪ್ರಸನ್ನ ಕೈಯಲ್ಲಿ ಕಬ್ಬಿಣದ ಸರಳು ಹಿಡಿದುಕೊಂಡು ನಿಂತಿದ್ದ. ಇವನು ನನಗೆ ಸರಳಿನಿಂದ ಹೊಡೆದ ಎಂದು ಅವನು ಹೇಳಿದ. ಇಲ್ಲ, ಅದು ಅವನದ್ದೇ ಎಂದು ಪ್ರಸನ್ನ ಹೇಳಿದ.

ನಡೆದದ್ದನ್ನು ಕಂಡವರು ಒಬ್ಬರೇ, ಅಡಿಗೆಮನೆಯ ಕಿಟಕಿಯಲ್ಲಿದ್ದ ಲೀಲಾವತಿ. ಪೊಲೀಸಿನವನು ತನ್ನ ಫೋನನ್ನು ಅವರ ಮುಂದೆ ಹಿಡಿದ, ಕನ್ನಡದಲ್ಲೇ ಹೇಳಿ ಎಂದು. ಅವರು ಹೇಳಿದರು:

"ಕಬ್ಬಿಣದ ಸರಳು ಹಿಡ್ಕೊಂಡಿದ್ದ ಮನುಷ್ಯನ್ನ ನಮ್ಮ ಅಳಿಯಂದ್ರು ತಳ್ಳಿದ್ರು."

ಫೋನು ಅದನ್ನು ಇಂಗ್ಲಿಷ್ ಮಾಡಿತು. "ಮೈ ಸನ್-ಇನ್-ಲಾ ಪುಶ್ಡ್ ದಿ ಮ್ಯಾನ್ ವಿತ್ ದಿ ಐರನ್ ರಾಡ್."

ಓದಿ ನೋಡಿ. ಒಂದು ಪದವೂ ತಪ್ಪಿಲ್ಲ. ಆ ಸರಳು ಮನುಷ್ಯನ ಹಿಂದೆ, ಇಂಗ್ಲಿಷ್ ಇಡಬೇಕಾದ ಜಾಗದಲ್ಲೇ ಇದೆ. ಆದರೆ ಪ್ರಸನ್ನನ ಕೈಯಲ್ಲಿ ಸರಳನ್ನು ಕಣ್ಣಾರೆ ಕಂಡವರು ಆ ವಾಕ್ಯವನ್ನು ಹೇಗೆ ಓದುತ್ತಾರೆ? ಸರಳಿನಿಂದ ತಳ್ಳಿದ, ಎಂದು. ಅವನ ಅತ್ತೆಯೇ ಹೇಳಿದ್ದಾರಲ್ಲ ಎಂದು. ಪ್ರಸನ್ನನಿಗೆ ಕೈಕೋಳ ಹಾಕಿದರು. ಆಯುಧದಿಂದ ಹಲ್ಲೆ ಎಂಬ ಆರೋಪ ಬಂತು. ಜಾಮೀನಿನ ಮೇಲೆ ಹೊರಗೆ ಬಂದರೂ ಆಫೀಸಿನವರು ಸದ್ಯ ಬರಬೇಡ ಎಂದರು. ಕೆಲಸ ಹೋದರೆ ವೀಸಾ ಹೋಗುತ್ತದೆ. ಅಪರಾಧಿ ಎಂದಾದರೆ ಜೈಲು, ಆಮೇಲೆ ದೇಶವನ್ನೇ ಬಿಡಬೇಕು.

ಇಷ್ಟೆಲ್ಲ ನನಗೆ ಕೋರ್ಟಿಗೆ ಹೋದ ದಿನ ಗೊತ್ತಿರಲಿಲ್ಲ. ಸಾಕ್ಷಿಯ ಜೊತೆ ಮೊದಲೇ ಮಾತಾಡುವಂತಿಲ್ಲ ಎಂಬುದು ನಮ್ಮ ನಿಯಮ. ಹೊರಗಿನ ಬೆಂಚಿನ ಮೇಲೆ ಕೂತಿದ್ದ ಲೀಲಾವತಿಯವರನ್ನು ದೂರದಿಂದ ಕಂಡೆ. ಹತ್ತಿಯ ಸೀರೆ, ಅದರ ಮೇಲೆ ಅಳಿಯನದೋ ಏನೋ ದೊಡ್ಡ ಜಾಕೆಟ್ಟು, ಕಾಲಿಗೆ ಮಗಳ ಶೂ. ಮಗು ಅಳುತ್ತಿತ್ತು, ರಮ್ಯಾ ಅದನ್ನು ಎತ್ತಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದಳು. ಲೀಲಾವತಿ ಮಗುವಿನ ಕಡೆ ನೋಡುತ್ತಿರಲಿಲ್ಲ.

ಒಳಗೆ ಅವರ ಪಕ್ಕದಲ್ಲಿ ನಿಂತೆ. ಹೆಸರು, ಊರು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂಬ ಪ್ರಶ್ನೆಗಳಾದವು. ಅವರ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. ಆಮೇಲೆ ಸರ್ಕಾರಿ ವಕೀಲ, ಚಿಕ್ಕ ವಯಸ್ಸಿನವನು, ತುಂಬ ಮರ್ಯಾದೆಯಿಂದ ಮಾತಾಡುವವನು, ಪೊಲೀಸರ ಹೇಳಿಕೆಯ ಹಾಳೆ ಎತ್ತಿಕೊಂಡು ಆ ವಾಕ್ಯವನ್ನು ಓದಿದ. ನೀವು ಹೀಗೆ ಹೇಳಿದ್ದೀರಿ, ಹೌದೇ ಎಂದು ಕೇಳಿ ನನ್ನ ಕಡೆ ತಿರುಗಿದ.

ನಾನು ಬಾಯಿ ತೆರೆದೆ.

ಸರಳು ಹಿಡಿದಿದ್ದ ಮನುಷ್ಯನನ್ನು ತಳ್ಳಿದರು ಎನ್ನಲೇ? ಮನುಷ್ಯನನ್ನು ಸರಳಿನಿಂದ ತಳ್ಳಿದರು ಎನ್ನಲೇ? ಇಂಗ್ಲಿಷ್‌ನ ಆ ವಾಕ್ಯ ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನೆ ನಿಂತಿತ್ತು. ಕನ್ನಡದಲ್ಲಿ ಹಾಗೆ ನಿಲ್ಲಲು ಜಾಗವಿಲ್ಲ. ಸರಳನ್ನು ಯಾರದಾದರೂ ಒಬ್ಬರ ಕೈಗೆ ನಾನು ಕೊಡಲೇಬೇಕು. ಮೊದಲನೆಯದನ್ನು ಹೇಳಿದರೆ ಸಾಕ್ಷಿಗೆ ಉತ್ತರ ಹೇಳಿಕೊಟ್ಟ ಹಾಗೆ. ಎರಡನೆಯದನ್ನು ಹೇಳಿ, ಈ ಹೆದರಿದ ಜೀವ ಗಾಬರಿಯಲ್ಲಿ ಹೂಂ ಎಂದುಬಿಟ್ಟರೆ, ತನ್ನ ವಕೀಲೆಯ ಪಕ್ಕ ಕೂತಿರುವ ಆ ಹುಡುಗ ಪ್ರಸನ್ನನ ಬದುಕು ಮುಗಿಯಿತು.

"ಯುವರ್ ಆನರ್, ಈ ವಾಕ್ಯವನ್ನು ಇಂಟರ್‌ಪ್ರಿಟರ್ ಕನ್ನಡಕ್ಕೆ ತರಲಾರಳು" ಎಂದೆ. ಕೋರ್ಟಿನಲ್ಲಿ ನಾವು ನಮ್ಮನ್ನು ಹೀಗೆ ಮೂರನೆಯವರ ಹಾಗೆ ಹೇಳಿಕೊಳ್ಳಬೇಕು.

ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. "ಪದಗಳು ಗೊತ್ತಿಲ್ಲವೇ?"

"ಪದಗಳೆಲ್ಲ ಗೊತ್ತು. ಕೊನೆಯಲ್ಲಿರುವ ಕಬ್ಬಿಣದ ಸರಳು ಯಾವುದಕ್ಕೆ ಸೇರಿದ್ದು ಅಂತ ಗೊತ್ತಿಲ್ಲ. ಆ ಮನುಷ್ಯನ ವರ್ಣನೆಯೋ, ತಳ್ಳಿದ ರೀತಿಯೋ? ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ವಾಕ್ಯ. ನಾನು ಒಂದನ್ನು ಆರಿಸಬೇಕು. ಆರಿಸಿದರೆ ಸಾಕ್ಷಿ ಹೇಳಿದವಳು ನಾನಾಗುತ್ತೇನೆ."

ಸರ್ಕಾರಿ ವಕೀಲ ಎದ್ದು, ವಾಕ್ಯ ಸ್ಪಷ್ಟವಾಗಿಯೇ ಇದೆ ಎಂದ. ನ್ಯಾಯಾಧೀಶರು ಅವನ ಕೈಯಿಂದ ಹಾಳೆ ತರಿಸಿಕೊಂಡರು. ಓದಿದರು. ಮತ್ತೆ ಓದಿದರು. ಇಷ್ಟು ವರ್ಷದ ಕೆಲಸ ಇವತ್ತಿಗೆ ಮುಗಿಯಿತು, ಇನ್ನು ನನ್ನನ್ನು ಹೊರಗೆ ಕಳಿಸುತ್ತಾರೆ ಎಂದುಕೊಂಡೆ. ಅವರು ಹಾಳೆಯನ್ನು ಕೆಳಗಿಟ್ಟು ವಕೀಲನಿಗೆ ಹೇಳಿದರು, "ಇದನ್ನು ಬಿಡಿ. ನಿಮ್ಮದೇ ಪ್ರಶ್ನೆ ಕೇಳಿ."

ವಕೀಲ ಕೇಳಿದ, ನಾನು ತಿಳಿಸಿದೆ: "ಸರಳು ಯಾರ ಕೈಯಲ್ಲಿತ್ತು?"

ಲೀಲಾವತಿ ತಲೆ ಆಡಿಸಿದರು. "ನಾನೇನೂ ಹೇಳಲ್ಲ. ನಾನ್ ಬಾಯ್ಬಿಟ್ರೆ ಅವ್ರಿಗೇ ತೊಂದ್ರೆ ಆಗತ್ತೆ."

ಇದನ್ನೂ ನಾನು ಗಟ್ಟಿಯಾಗಿ ಇಂಗ್ಲಿಷ್‌ನಲ್ಲಿ ಹೇಳಬೇಕು. ಹೇಳಿದೆ. ನ್ಯಾಯಾಧೀಶರು ನಿಧಾನವಾಗಿ, ನೀವು ಕಂಡದ್ದನ್ನು ಕಂಡ ಹಾಗೆ ಹೇಳಿ, ಸಾಕು ಎಂದರು. ಲೀಲಾವತಿ ಒಂದೊಂದೇ ಮಾತು ಹೇಳಿದರು.

"ಸರಳು ಆ ಟ್ರಕ್ಕಿನವನ ಕೈಲಿತ್ತು. ಅವನು ಎತ್ತಿದ. ನಮ್ಮ ಅಳಿಯಂದ್ರು ತಳ್ಳಿದ್ರು. ಅವನು ಮೊಣಕೈ ಊರಿ ಬಿದ್ದ. ಸರಳೂ ಬಿತ್ತು."

"ಹಾಗಾದರೆ ಪೊಲೀಸರು ಬಂದಾಗ ಅದು ನಿಮ್ಮ ಅಳಿಯನ ಕೈಗೆ ಹೇಗೆ ಬಂತು?"

ವಕೀಲನ ಈ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಹೇಳಿದೆ. ಲೀಲಾವತಿಯವರ ಮುಖದ ಬಣ್ಣ ಹೋಯಿತು. ಅವರು ವಕೀಲನನ್ನೂ ನೋಡಲಿಲ್ಲ, ನ್ಯಾಯಾಧೀಶರನ್ನೂ ನೋಡಲಿಲ್ಲ. ನನ್ನ ಕಡೆ ಬಾಗಿ, ಮನೆಯ ಹಿರಿಯಳನ್ನು ಕೇಳುವ ಹಾಗೆ ಪಿಸುಗುಟ್ಟಿದರು. "ಹೇಳ್ಬಹುದಾ? ನೀವೇ ಹೇಳಿ. ಹೇಳಿದ್ರೆ ಏನಾಗತ್ತೆ?"

ಅನಘಾ, ನಿನಗೆ ಹೇಳಬೇಕೆಂದಿದ್ದದ್ದು ಇದನ್ನೇ. ಆ ಕೋಣೆಯಲ್ಲಿ ಅವರ ಭಾಷೆ ತಿಳಿದವಳು ನಾನೊಬ್ಬಳೇ. ನನಗೂ ಉತ್ತರ ಗೊತ್ತಿರಲಿಲ್ಲ; ಗೊತ್ತಿದ್ದರೂ ಕೊಡುವಂತಿರಲಿಲ್ಲ. ನಾನು ಅವರಿಂದ ಮುಖ ತಿರುಗಿಸಿ, ಅವರ ಗುಟ್ಟಿನ ಮಾತನ್ನು ಇಡೀ ಕೋರ್ಟಿಗೆ ಕೇಳುವ ಹಾಗೆ ಇಂಗ್ಲಿಷ್‌ನಲ್ಲಿ ಹೇಳಿದೆ. ಅವರಿಗೆ ಇಂಗ್ಲಿಷ್ ತಿಳಿಯದಿದ್ದರೂ ನಾನೇನು ಮಾಡಿದೆ ಎಂಬುದು ತಿಳಿಯಿತು. ಕಟಕಟೆಯ ಅಂಚಿನ ಮೇಲಿದ್ದ ಕೈಯನ್ನು ನನ್ನಿಂದ ದೂರ ಸರಿಸಿಕೊಂಡರು.

ಪ್ರಶ್ನೆಗೆ ಉತ್ತರ ಕೊಡಿ ಎಂದು ನ್ಯಾಯಾಧೀಶರು ಹೇಳಿದರು.

"ನಾನೇ ಕೂಗಿದ್ದು" ಎಂದರು ಲೀಲಾವತಿ. ಈಗ ದನಿ ಗಟ್ಟಿಯಾಗಿತ್ತು. "ಕಿಟಕಿ ತೆಗೆದಿತ್ತು. ಅವನು ಬಿದ್ದಲ್ಲಿಂದಾನೇ ಮತ್ತೆ ಆ ಸರಳಿಗೆ ಕೈ ಹಾಕ್ತಿದ್ದ. 'ಅವನಿಗೆ ಸಿಗದ ಹಾಗೆ ಎತ್ಕೊಳಿ ಅದನ್ನ' ಅಂತ ನಾನು ಕೂಗ್ದೆ. ನಾನ್ ಹೇಳಿದ್ದಕ್ಕೆ ಎತ್ಕೊಂಡ್ರು. ಹೊಡೀಲಿಲ್ಲ. ಹಿಡ್ಕೊಂಡು ನಡುಗ್ತಾ ನಿಂತಿದ್ರು. ನಾನ್ ಹೇಳದೇ ಇದ್ದಿದ್ರೆ ಅವರು ಮುಟ್ತಾನೇ ಇರ್ಲಿಲ್ಲ."

ಅವರು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದದ್ದು ಇದಕ್ಕೆ. ತನ್ನ ಒಂದು ಮಾತಿನಿಂದ ಅಳಿಯನ ಕೈಗೆ ಸರಳು ಬಂತು, ಇನ್ನೊಂದು ಮಾತಿನಿಂದ ಕೋಳ ಬಂತು ಎಂದು ಅವರು ನಂಬಿದ್ದರು. ಮಗಳಿಗೂ ಹೇಳಿರಲಿಲ್ಲ. ಪ್ರಸನ್ನನೂ ಹೇಳಿರಲಿಲ್ಲ, ಅತ್ತೆಯವರನ್ನು ಇದರೊಳಗೆ ಎಳೆಯಬಾರದು ಎಂದು ಸುಮ್ಮನಿದ್ದನಂತೆ. ನಾನು ಆ ಉತ್ತರವನ್ನು ಇಂಗ್ಲಿಷ್‌ನಲ್ಲಿ ಹೇಳುವಾಗ ಒಂದೊಂದು ತುಂಡನ್ನೂ ಬೇರೆ ಬೇರೆ ಚಿಕ್ಕ ವಾಕ್ಯವಾಗಿ ಇಟ್ಟೆ. ಯಾವುದರ ಬಾಲವೂ ಇನ್ನೊಂದಕ್ಕೆ ಅಂಟಬಾರದು ಎಂದು. ವಕೀಲೆಯ ಪಕ್ಕದಲ್ಲಿ ಪ್ರಸನ್ನ ಮುಖ ಮುಚ್ಚಿಕೊಂಡಿದ್ದ.

ಕೂಗಿದ್ದು ನಿಜವೆಂದು ಹೇಗೆ ನಂಬುವುದು ಎಂದು ವಕೀಲ ಕೇಳಿದ. ಆಗ ಪ್ರಸನ್ನನ ವಕೀಲೆ ಎದ್ದು ನಿಂತು, ಒಂದು ರೆಕಾರ್ಡಿಂಗನ್ನು ಮತ್ತೆ ಕೇಳಬೇಕೆಂದಳು. ಎದುರು ಮನೆಯ ಬಾಗಿಲಿನ ಕ್ಯಾಮೆರಾದ ರೆಕಾರ್ಡಿಂಗ್ ಎರಡೂ ಕಡೆಯವರ ಬಳಿ ಮೊದಲಿನಿಂದಲೂ ಇತ್ತು. ಅದರಲ್ಲಿ ಟ್ರಕ್ಕಿನ ಹಿಂಭಾಗ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹೆಂಗಸೊಬ್ಬಳ ಚೀರಾಟ ಮಾತ್ರ ಕೇಳುತ್ತಿತ್ತು. ಅದು ಮಾತು ಎಂದು ಯಾರಿಗೂ ಅನ್ನಿಸಿರಲಿಲ್ಲ. ಆವತ್ತಿನ ಹಿಯರಿಂಗ್ ಅಲ್ಲಿಗೇ ನಿಂತಿತು. ಆ ದನಿಯನ್ನು ಕೇಳಿ ಬರೆದುಕೊಡಲು ನನ್ನನ್ನು ಬಿಟ್ಟು ಬೇರೆ ದುಭಾಷಿಯನ್ನು ಹಚ್ಚಿದರು, ಅದೇ ಸರಿಯಾದ ಕ್ರಮ. ಕೂಗಿದ್ದು ಅದೇ ಮಾತೆಂದು ಖಚಿತವಾಗಿ, ಕೆಲವು ವಾರಗಳ ನಂತರ ಆರೋಪವನ್ನು ಕೈಬಿಟ್ಟರೆಂದು ಆಫೀಸಿನಿಂದ ತಿಳಿಯಿತು.

ಹಿಯರಿಂಗ್ ನಿಂತ ದಿನ ನಾನು ಪಾರ್ಕಿಂಗ್‌ಗೆ ಬಂದು, ಕಾರಿನೊಳಗೆ ಬಹಳ ಹೊತ್ತು ಸ್ಟಾರ್ಟ್ ಮಾಡದೆ ಕೂತಿದ್ದೆ. ಸರಿಯಾದದ್ದನ್ನೇ ಮಾಡಿದ್ದೆ. ಆದರೂ ಆ ವರ್ಷವೇ ಕೆಲಸ ಬಿಟ್ಟೆ.

ಈ ಯುಗಾದಿಗೆ ಆಸ್ಟಿನ್‌ನ ಗೆಳತಿಯೊಬ್ಬಳ ಮನೆಗೆ ಹೋಗಿದ್ದಾಗ ರಮ್ಯಾ ಸಿಕ್ಕಳು. ಅವರು ಈಗ ಅಲ್ಲಿಗೆ ಶಿಫ್ಟ್ ಆಗಿದ್ದಾರೆ. ಪ್ರಸನ್ನನಿಗೆ ಬೇರೆ ಕೆಲಸ ಸಿಕ್ಕಿದೆ, ಮಗು ಓಡಾಡುತ್ತದೆ. ಅಮ್ಮ ಹೇಗಿದ್ದಾರೆ ಎಂದೆ.

"ಮೈಸೂರಲ್ಲಿದಾರೆ ಆಂಟಿ. ಆರೋಗ್ಯವಾಗಿದಾರೆ. ಆದ್ರೆ ಮಾತೇ ಬದಲಾಗ್ಬಿಟ್ಟಿದೆ. ಮುಂಚೆ ಅಮ್ಮ ಒಂದ್ ವಿಷಯ ಹೇಳಕ್ ಶುರು ಮಾಡಿದ್ರೆ ಊರೆಲ್ಲ ಸುತ್ತಿ ಬರೋರು. ಈಗ ಫೋನಲ್ಲಿ ಎರಡೆರಡೇ ಪದ. ಊಟ ಆಯ್ತು. ಮಳೆ ಬಂತು. ಅಷ್ಟೇ."

ಅವಳೇ ವಿಡಿಯೋ ಕಾಲ್ ಮಾಡಿ ಫೋನನ್ನು ನನ್ನ ಕೈಗೆ ಕೊಟ್ಟಳು. ಅಲ್ಲಿ ಬೆಳಗಾಗಿತ್ತು. ಲೀಲಾವತಿ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ಗುರುತು ಸಿಕ್ಕಿತು, ಮುಖ ಬಿಗಿಯಾಯಿತು.

"ಹೇಗಿದೀರಿ ಲೀಲಮ್ಮನವರೇ?"

"ಚೆನ್ನಾಗಿದೀನಿ."

"ತಿಂಡಿ ಆಯ್ತಾ?"

"ಆಯ್ತು."

ಆಮೇಲೆ ಅವರು ಪರದೆಯ ಹತ್ತಿರಕ್ಕೆ ಬಂದು, "ಇದನ್ನ ಯಾರಿಗೂ ಇಂಗ್ಲಿಷ್ ಮಾಡಿ ಹೇಳಲ್ಲ ತಾನೆ?" ಎಂದು ಕೇಳಿದರು.

"ಇಲ್ಲ. ನಾನು ಕೆಲಸ ಬಿಟ್ಟಾಯ್ತು."

"ಆವತ್ತು ನಿಮ್ಮನ್ನ ನಂಬಿ ಕೇಳಿದೆ. ನೀವು ಆ ಕಡೆ ತಿರುಗಿ ಹೇಳ್ಬಿಟ್ರಿ."

"ಹೌದು. ಹೇಳ್ಲೇಬೇಕಿತ್ತು."

"ರಮ್ಯಾ ಹೇಳಿದ್ಲು, ಅದು ರೂಲ್ಸ್ ಅಂತ" ಎಂದರು. ಕ್ಷಮಿಸಿದರೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ನಾನು ಬೇರೇನೂ ತೋಚದೆ, ಅವರ ಹಿಂದೆ ಗೋಡೆಯ ಮೇಲೆ ಕಾಣುತ್ತಿದ್ದ ಹಸಿರು ಏನು ಎಂದು ಕೇಳಿದೆ.

ಅವರು ತಿರುಗಿ ನೋಡಿದರು. "ಬಳ್ಳಿ" ಎಂದರು. ನಾನು ಕಾದೆ. ಅವರು ಮತ್ತೆ ಶುರುಮಾಡಿದರು, ತಡೆದು ತಡೆದು. "ಪಕ್ಕದ ಮನೇಗೆ ಹೊಸದಾಗಿ ಬಾಡಿಗೆಗೆ ಬಂದಿದಾರಲ್ಲ, ಆ ಮೇಷ್ಟ್ರ ಹೆಂಡತಿ ತಂದ್ಕೊಟ್ಟಿದ್ದು, ನಾನು ಬರಲ್ಲ ಅಂತ ಸುಮ್ನೆ ಮೂಲೇಲಿ ನೆಟ್ಟಿದ್ದು, ಈಗ ಗೋಡೆ ಹತ್ತಿ ಆ ಕಡೆ ಅವರ ಮನೆ ಮೇಲೇ ಬಿದ್ದಿರೋ..."

ಅಲ್ಲಿ ನಿಲ್ಲಿಸಿ ಫೋನನ್ನೇ ನೋಡಿದರು. ಆ ಕೊನೆಯ ಹೆಸರು ಇನ್ನೂ ಬಂದಿರಲಿಲ್ಲ.

"...ಸೀಮೆಬದನೆ" ಎಂದರು.